ಬೆಕ್ಕಿಗೆ ಗಂಟೆ ಕಟ್ಟಿದ ಮನೆ

ಸಿಹಿಮೂತ್ರ ರೋಗ, ಸಕ್ಕರೆ ಕಾಯಿಲೆ, ಮಧುಮೇಹ – ಹೆಸರು ಯಾವುದೇ ಇರಲಿ, ಈ ರೋಗದ ಪರಿಚಯವಿಲ್ಲದ ಮನೆ ಇಂದು ಅಪರೂಪ. ಬಾಗಲಕೋಟೆಯ ಕಡೆ ಮದುವೆಯ ಪಂಕ್ತಿಯಲ್ಲಿ ಹೋಳಿಗೆಯ ಬುಟ್ಟಿ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು "ಬ್ಯಾಡ್ರಿ, ನಮಗ ಶುಗರ್ ಐತಿ" ಎನ್ನುವವರು ಪ್ರತಿ ಸಾಲಿನಲ್ಲೂ ಸಿಗುತ್ತಾರೆ. ಆದರೆ ಅದೇ ಪಂಕ್ತಿಯ ಹಿಂದೆ ಬಾಲವೆತ್ತಿಕೊಂಡು ಸುಳಿದಾಡುವ ಬೆಕ್ಕಿಗೂ ಇದೇ ರೋಗ ಬರಬಹುದು ಎಂದರೆ ಜನ ನಗುತ್ತಾರೆ. ಇಳಕಲ್ಲಿನ ಒಂದು ನೇಕಾರ ಕುಟುಂಬವೂ 2024ರ ಫೆಬ್ರುವರಿಯವರೆಗೆ ಹಾಗೆ ನಗುವ ಕುಟುಂಬವೇ ಆಗಿತ್ತು.

ಆ ಮನೆಯಲ್ಲಿ ಐದು ಜನ. ಎಪ್ಪತ್ತು ದಾಟಿದ ಆಯಿ, ಅಪ್ಪ, ಅವ್ವ, ಅಪ್ಪನ ತಮ್ಮನಾದ ಕಾಕಾ ಮತ್ತು ಆಗ ಒಂಬತ್ತನೆಯ ತರಗತಿಯಲ್ಲಿದ್ದ ಹುಡುಗಿ. ಆರನೆಯವನು ಕೆಂಚ. ಕೆಂಚು ಬಣ್ಣದ ಗಂಡು ಬೆಕ್ಕು, ವಯಸ್ಸು ಒಂಬತ್ತು. ನೇಕಾರರ ಮನೆಯಲ್ಲಿ ಬೆಕ್ಕಿಗೆ ಒಂದು ಗೌರವವಿದೆ. ಮಗ್ಗಕ್ಕೆ ಏರಿಸಿದ ಹಾಸನ್ನು ಇಲಿ ಒಂದು ರಾತ್ರಿ ಕಡಿದರೆ ವಾರಗಟ್ಟಲೆ ದುಡಿಮೆ ಮಣ್ಣುಪಾಲು. ಕೆಂಚ ಪ್ರಾಯದಲ್ಲಿ ಇಲಿಗಳಿಗೆ ಸಿಂಹಸ್ವಪ್ನವಾಗಿದ್ದ. ವಯಸ್ಸಾದ ಮೇಲೆ ಮಗ್ಗದ ಕುಣಿಯ ಅಂಚಿನಲ್ಲಿ ಮಲಗಿ, ಹೊತ್ತು ಹೊತ್ತಿಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೊಸರನ್ನ ತಿಂದು ಆರೂವರೆ ಕಿಲೋ ತೂಗುವಂತಾಗಿದ್ದ. ಬಂದವರೆಲ್ಲ "ಏನ್ ಚಲೋ ಸಾಕೀರಿ" ಎಂದು ಹೊಗಳುತ್ತಿದ್ದರು.

ಇರುವೆ ಹೇಳಿದ ಸುದ್ದಿ

ಬೇಸಿಗೆಯ ಬಿಸಿಲು ಏರುವ ಮೊದಲೇ ಕೆಂಚನ ನೀರಡಿಕೆ ಏರಿತು. ಹರವಿಯ ಬುಡದಲ್ಲಿ ಸೋರಿದ ನೀರು, ಬಚ್ಚಲ ತಂಬಿಗೆಯ ನೀರು, ಯಾವುದೂ ಸಾಲದು. ತಿನ್ನುವುದು ಮೊದಲಿಗಿಂತ ಹೆಚ್ಚು, ಆದರೂ ಬೆನ್ನಿನ ಎಲುಬು ಕೈಗೆ ತಾಗತೊಡಗಿತು. ಅಟ್ಟಕ್ಕೆ ಒಂದೇ ನೆಗೆತಕ್ಕೆ ಹಾರುತ್ತಿದ್ದವನು ಕಟ್ಟೆ ಹತ್ತಲೂ ಯೋಚಿಸಹತ್ತಿದ. ನಡೆಯುವಾಗ ಹಿಂಗಾಲಿನ ಬೆರಳುಗಳ ಮೇಲೆ ನಿಲ್ಲದೆ ಹಿಮ್ಮಡಿಯ ಗಂಟನ್ನೇ ನೆಲಕ್ಕೂರುತ್ತಿದ್ದ. ಮನೆಯವರು ವಯಸ್ಸಿನ ದೋಷವೆಂದುಕೊಂಡರು.

ರೋಗವನ್ನು ಮೊದಲು ಹಿಡಿದವಳು ಆಯಿ. ಹಿತ್ತಲಿನ ಬೂದಿಗುಂಡಿಯಲ್ಲಿ ಕೆಂಚ ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತಿದ್ದನ್ನು ಅವಳು ಕಂಡಳು. "ಇದಕ್ಕೂ ನಂದ ಬ್ಯಾನಿ ಬಂದೈತಿ ನೋಡ್ರಿ" ಎಂದಳು. ಆಯಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಕೆಲವು ವರ್ಷಗಳಿಂದ ಇನ್ಸುಲಿನ್ ಚುಚ್ಚುಮದ್ದು. ಅವಳ ಮಾತಿಗೆ ಎಲ್ಲರೂ ನಕ್ಕರು. ಆದರೆ ಆಯಿ ಹೇಳಿದ್ದು ಹೊಸ ಮಾತೇನಲ್ಲ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಆಯುರ್ವೇದದ ಪ್ರಾಚೀನ ಗ್ರಂಥಗಳು ಪ್ರಮೇಹದ ಲಕ್ಷಣವೆಂದು ಗುರುತಿಸಿವೆ. ಪ್ರಯೋಗಾಲಯಗಳಿಲ್ಲದ ಕಾಲದಲ್ಲಿ ಇರುವೆಯೇ ಪರೀಕ್ಷಕ.

ಊರಿನ ಪಶುವೈದ್ಯರು ಎಮ್ಮೆ, ಆಕಳು, ಕುರಿಗಳ ನಡುವೆ ಬುಟ್ಟಿಯಲ್ಲಿ ಬಂದ ಈ ರೋಗಿಯನ್ನು ನೋಡಿ ನಗಲಿಲ್ಲ. ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಗ್ಲೂಕೋಮೀಟರಿಗೆ ಹಚ್ಚಿದರು. 412 ಎಂದು ಬಂತು. ಆರೋಗ್ಯವಂತ ಬೆಕ್ಕಿನಲ್ಲಿ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 70ರಿಂದ 120 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಆದರೂ ವೈದ್ಯರು ಅಲ್ಲಿಗೇ ತೀರ್ಮಾನ ಹೇಳಲಿಲ್ಲ. ಬೆಕ್ಕು ಹೆದರಿದಾಗಲೂ ಅದರ ರಕ್ತದ ಸಕ್ಕರೆ 300ನ್ನು ಮೀರಬಲ್ಲದು. ಬಸ್ಸು, ನಾಯಿಯ ಬೊಗಳು, ಅಪರಿಚಿತ ಕೈ ಇಷ್ಟೇ ಸಾಕು. ಅದಕ್ಕೆಂದೇ ಮೂತ್ರದ ಪರೀಕ್ಷೆಯೂ ಬೇಕು, ರಕ್ತದ ಉಳಿದ ಪರೀಕ್ಷೆಗಳೂ ಬೇಕು ಎಂದರು. ಬಾಗಲಕೋಟೆಗೆ ಕಳಿಸಿದ ರಕ್ತದ ವರದಿ ಮರುದಿನ ಬಂತು. ಮೂತ್ರದಲ್ಲಿ ಸಕ್ಕರೆ ತುಂಬಿತ್ತು. ಅನುಮಾನಕ್ಕೆ ಎಡೆ ಉಳಿಯಲಿಲ್ಲ.

ಶಾಲೆಯಲ್ಲಿ ಹಾರ್ಮೋನುಗಳ ಪಾಠ ಓದಿದ ಮಕ್ಕಳಿಗೆ ಇದರ ಮರ್ಮ ಗೊತ್ತು. ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿಯಲ್ಲಿ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳೆಂಬ ಜೀವಕೋಶಗಳ ಗುಂಪುಗಳಿವೆ. ಅವು ಸುರಿಸುವ ಇನ್ಸುಲಿನ್ ಇಲ್ಲದಿದ್ದರೆ, ಅಥವಾ ಇದ್ದರೂ ದೇಹ ಅದರ ಮಾತು ಕೇಳದಿದ್ದರೆ, ರಕ್ತದಲ್ಲಿರುವ ಗ್ಲೂಕೋಸ್ ಜೀವಕೋಶಗಳ ಒಳಗೆ ಹೋಗದು. ಹಗೇವಿನ ತುಂಬ ಜೋಳವಿದ್ದು ಅದರ ಬಾಯಿ ತೆಗೆಯುವವರಿಲ್ಲದೆ ಮನೆಮಂದಿ ಉಪವಾಸ ಬಿದ್ದಂತೆ. ಹೆಚ್ಚಾದ ಸಕ್ಕರೆಯನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಸಕ್ಕರೆ ತನ್ನೊಂದಿಗೆ ನೀರನ್ನೂ ಎಳೆದೊಯ್ಯುತ್ತದೆ. ಅದಕ್ಕೇ ನೀರಡಿಕೆ, ಹಸಿವು, ಸೊರಗುವಿಕೆ. ನರಗಳೂ ಸೋಲುವುದರಿಂದ ಹಿಂಗಾಲು ಕುಸಿಯುತ್ತವೆ.

ನೆರೆಹೊರೆಯವರು ಕೇಳಿದ ಮೊದಲ ಪ್ರಶ್ನೆ: "ಅಮೀನಗಡದ ಕರದಂಟು ಏನರ ತಿನ್ನಿಸಿದ್ರೇನು?" ಬೆಕ್ಕಿಗೆ ಸಿಹಿಯ ರುಚಿಯೇ ಗೊತ್ತಿಲ್ಲ. ಸಿಹಿಯನ್ನು ಗುರುತಿಸುವ ಗ್ರಾಹಕದ ಒಂದು ಜೀನ್ ಬೆಕ್ಕಿನ ಕುಲದಲ್ಲಿ ಕೆಟ್ಟು ಕೆಲಸಕ್ಕೆ ಬಾರದಂತಾಗಿದೆ ಎಂದು ಅಮೆರಿಕದ ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಹುಲಿಗೂ ಇದೇ ಕಥೆ. ಕೆಂಚನಿಗೆ ರೋಗ ಬಂದದ್ದು ಸಕ್ಕರೆ ತಿಂದು ಅಲ್ಲ. ಗಂಡು ಜಾತಿ, ಇಳಿವಯಸ್ಸು, ಮೈಯ ಕೊಬ್ಬು, ಓಡಾಟವಿಲ್ಲದ ಬಾಳು – ಇವೆಲ್ಲ ಸೇರಿ ಬೆಕ್ಕನ್ನು ಆ ದಾರಿಗೆ ತಳ್ಳುತ್ತವೆ. ಕೆಲವು ಬೆಕ್ಕುಗಳಲ್ಲಿ ತುರಿಕೆಗೆಂದು ಪದೇ ಪದೇ ಕೊಡುವ ಸ್ಟಿರಾಯ್ಡ್ ಔಷಧವೂ ಕಾರಣವಾಗುತ್ತದೆ. ಮನುಷ್ಯರಲ್ಲಿ ನಡುವಯಸ್ಸಿನಲ್ಲಿ ಬರುವ ಎರಡನೆಯ ಬಗೆಯ ಮಧುಮೇಹಕ್ಕೆ ಬೆಕ್ಕಿನ ರೋಗ ಬಹಳ ಹತ್ತಿರದ ನೆಂಟ.

ಆಯಿಯ ಒಂದು ಮಾತು

ವೈದ್ಯರು ಹೇಳಿದ ಚಿಕಿತ್ಸೆ ಕೇಳಿ ಅಪ್ಪನ ಮುಖ ಇಳಿಯಿತು. ದಿನಕ್ಕೆ ಎರಡು ಸಲ, ಹನ್ನೆರಡು ತಾಸಿಗೊಮ್ಮೆ ಇನ್ಸುಲಿನ್. ಬಹುಶಃ ಬದುಕಿರುವವರೆಗೆ. ಕೈಮಗ್ಗದ ಸೀರೆಗೆ ಬರುವ ಕೂಲಿ ಎಷ್ಟೆಂಬುದು ಇಳಕಲ್ಲಿನಲ್ಲಿ ಎಲ್ಲರಿಗೂ ಗೊತ್ತು. ತಾಯಿಯ ಔಷಧಿ, ಮಗಳ ಟ್ಯೂಷನ್, ಇವುಗಳ ಮೇಲೆ ಈಗ ಬೆಕ್ಕಿನ ಸೂಜಿ! ಬರುವ ವರ್ಷ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬೇರೆ.

ಆ ರಾತ್ರಿ ಅಪ್ಪ ಮೆಲ್ಲಗೆ ಒಂದು ಸೂಚನೆ ಮುಂದಿಟ್ಟ. ಪೇಟೆಯಲ್ಲಿ ಮೀನು ಮಾರುವ ಕಡೆ ಕೆಂಚನನ್ನು ಬಿಟ್ಟು ಬಂದರೆ ಹೇಗೆ? ಅಲ್ಲಿ ಹೊಟ್ಟೆಗಂತೂ ಕೊರತೆಯಿಲ್ಲ. ಅವ್ವ ಸುಮ್ಮನಿದ್ದಳು. ಹುಡುಗಿ ಅಳತೊಡಗಿದಳು. ಅಪ್ಪ ಕಟುಕನಲ್ಲ, ತಿಂಗಳ ಲೆಕ್ಕ ಅವನ ತಲೆಯಲ್ಲಿ ಓಡುತ್ತಿತ್ತು, ಅಷ್ಟೇ.

ಮೂಲೆಯಲ್ಲಿ ಕೌದಿ ಹೊದ್ದು ಮಲಗಿದ್ದ ಆಯಿ ಎದ್ದು ಕೂತಳು. "ಹಂಗಾದ್ರ ನನ್ನೂ ಒಯ್ದು ಬಿಟ್ಟು ಬಾರೋ ಯಪ್ಪಾ. ನನಗೂ ಅದ ಸೂಜಿ, ನನಗೂ ಅದ ಖರ್ಚು" ಎಂದಳು.

ಆಮೇಲೆ ಆ ಮನೆಯಲ್ಲಿ ಬೆಕ್ಕನ್ನು ಬಿಡುವ ಮಾತು ಬರಲಿಲ್ಲ. ಲೆಕ್ಕ ಮಾತ್ರ ಉಳಿಯಿತು. ಕೆಂಚನಿಗೆ ಬೇಕಾದದ್ದು ಹೊತ್ತಿಗೆ ಒಂದು ಯೂನಿಟ್, ದಿನಕ್ಕೆ ಎರಡು. ಗ್ಲಾರ್ಜಿನ್ ಎಂಬ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ನಿನ 10 ಮಿಲಿಲೀಟರ್ ಬುಡ್ಡಿಯಲ್ಲಿ 1000 ಯೂನಿಟ್ ಇರುತ್ತವೆ. ತೆರೆದ ಮೇಲೆ 28 ದಿನಗಳಲ್ಲಿ ಬಳಸಬೇಕೆಂದು ಅದರ ಮೇಲೆ ಬರೆದಿರುತ್ತದೆ. ಅಷ್ಟರಲ್ಲಿ ಬೆಕ್ಕಿಗೆ ಖರ್ಚಾಗುವುದು 56 ಯೂನಿಟ್! ಈ ಗುಣಾಕಾರ ಮಾಡಿ ತೋರಿಸಿದವಳು ಹುಡುಗಿ. ವೈದ್ಯರು ಒಪ್ಪಿ, 3 ಮಿಲಿಲೀಟರಿನ ಸಣ್ಣ ಕಾರ್ಟ್ರಿಜ್ ಬರೆದುಕೊಟ್ಟರು. ಖರ್ಚು ಹಗುರಾಯಿತು.

ಎರಡು ಗಂಟೆ, ಎರಡು ಬಣ್ಣ

ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂಬುದು ಹಳೆಯ ಗಾದೆ. ಈ ಮನೆಯವರು ಎರಡು ಗಂಟೆ ಕಟ್ಟಿದರು: ಬೆಳಿಗ್ಗೆ ಆರು, ಸಂಜೆ ಆರು. ಮೊದಲು ಊಟ, ಕೆಂಚ ತಿನ್ನುವುದು ಖಾತ್ರಿಯಾದ ಮೇಲೆ ಸೂಜಿ. ಪಕ್ಕೆಯ ಸಡಿಲ ಚರ್ಮವನ್ನು ಎರಡು ಬೆರಳಿನಲ್ಲಿ ಗುಡಾರದಂತೆ ಎತ್ತಿ ಅದರ ಬುಡಕ್ಕೆ ಚುಚ್ಚುವುದು. ನೂಲಿನ ಎಳೆ ಹಿಡಿದು ಪಳಗಿದ ಬೆರಳುಗಳಿಗೆ ಇದು ಕಷ್ಟದ ಕೆಲಸವಾಗಲಿಲ್ಲ. ಮೂರನೆಯ ದಿನಕ್ಕೆ ಕೆಂಚ ತಟ್ಟೆಯಿಂದ ತಲೆ ಎತ್ತುವುದನ್ನೂ ಬಿಟ್ಟ. ಸೂಜಿ ಅಷ್ಟು ಸಣ್ಣದು.

ಮನೆಯಲ್ಲಿಯೇ ರಕ್ತ ಪರೀಕ್ಷೆ ಮಾಡುವುದನ್ನೂ ಕಲಿತರು. ಕಿವಿಗೆ ಬೆಚ್ಚಗಿನ ಬಟ್ಟೆ ಒತ್ತಿ ಅಂಚಿನಲ್ಲಿ ಒಂದು ಚುಚ್ಚು. ಆಸ್ಪತ್ರೆಯಲ್ಲಿ 400 ತೋರಿಸುತ್ತಿದ್ದವನು ತನ್ನ ಹಾಸಿಗೆಯ ಮೇಲೆ 300ರ ಆಸುಪಾಸು ತೋರಿಸುತ್ತಿದ್ದ. ಆಸ್ಪತ್ರೆಯ ಅಂಕಿಯನ್ನಷ್ಟೇ ನಂಬಿ ಔಷಧ ಏರಿಸಿದರೆ ಆಗುವ ಅಪಾಯ ಇದರಿಂದ ಅರ್ಥವಾಗುತ್ತದೆ. ವೈದ್ಯರ ಸಲಹೆಯಂತೆ ವಾರಗಳ ಅಂತರದಲ್ಲಿ ಪ್ರಮಾಣ ಎರಡು ಯೂನಿಟ್ಟಿಗೆ ಬಂತು.

ಅಪಾಯ ಇನ್ನೊಂದು ಕಡೆ ಹೊಂಚು ಹಾಕಿತ್ತು. ಭಾರತದಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಮೊದಲನೆಯದರ ಸಿರಿಂಜಿಗೆ ಕೆಂಪು ಟೊಪ್ಪಿಗೆ, ಎರಡನೆಯದಕ್ಕೆ ಕಿತ್ತಳೆ ಬಣ್ಣದ ಟೊಪ್ಪಿಗೆ. ಆಯಿಯದು 40ರ ಬುಡ್ಡಿ, ಕೆಂಚನದು 100ರದು. ಅರ್ಧ ಯೂನಿಟ್ಟಿನ ಗೆರೆಗಳಿರುವ ಸಣ್ಣ ಸಿರಿಂಜು ಇಳಕಲ್ಲಿನಲ್ಲಿ ಸಿಗದೆ ಅಪ್ಪ ಹುನಗುಂದಕ್ಕೆ ಹೋಗಿ ಹುಡುಕಿ ತಂದಿದ್ದ.

ಒಂದು ಸಂಜೆ ಹುಡುಗಿ ಟ್ಯೂಷನ್ನಿಗೆ ಹೋದಾಗ ಸೂಜಿಯ ಹೊಣೆ ಕಾಕಾನ ಪಾಲಿಗೆ ಬಂತು. ಅವನು ಕೈಗೆ ಸಿಕ್ಕ ಸಿರಿಂಜಿನಲ್ಲಿ ಕೆಂಚನ ಔಷಧವನ್ನು ಎರಡರ ಗೆರೆಯವರೆಗೆ ಎಳೆದ. "ಏ, ಅದು ಕೆಂಪ ಟೊಪ್ಪಿಗಿದು, ನಂದದು!" ಎಂದು ಆಯಿ ಕೂಗಿದ್ದರಿಂದ ಕೈ ನಿಂತಿತು. ಲೆಕ್ಕ ಹಾಕಿ ನೋಡಿ: ಕೆಂಪು ಸಿರಿಂಜಿನ ಎರಡನೆಯ ಗೆರೆ ಎಂದರೆ ಒಂದು ಮಿಲಿಲೀಟರಿನ 40ರಲ್ಲಿ 2 ಪಾಲು, ಅಂದರೆ 0.05 ಮಿಲಿಲೀಟರ್. 100ರ ಔಷಧದಲ್ಲಿ ಅದು 5 ಯೂನಿಟ್! ಬೇಕಾದದ್ದರ ಎರಡೂವರೆ ಪಟ್ಟು. ಐದು ಕಿಲೋ ತೂಕದ ಪ್ರಾಣಿಯ ಜೀವ ತೆಗೆಯಲು ಅಷ್ಟು ಸಾಕಾಗಬಹುದು. ಆವತ್ತೇ ಅವ್ವ ಎರಡು ಡಬ್ಬಿ ಮಾಡಿ, ಒಂದಕ್ಕೆ ಕೆಂಪು ದಡಿಯ ತುಂಡನ್ನೂ ಇನ್ನೊಂದಕ್ಕೆ ಕಿತ್ತಳೆ ಬಣ್ಣದ ನೂಲನ್ನೂ ಕಟ್ಟಿದಳು. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಪಡಸಾಲೆಯಲ್ಲಿ. ಇನ್ಸುಲಿನ್ ಇರುವ ಎಲ್ಲ ಮನೆಗಳಲ್ಲೂ ಈ ಎಚ್ಚರ ಬೇಕು, ಬೆಕ್ಕಿರಲಿ, ಇಲ್ಲದಿರಲಿ.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕರೆಂಟು ಹೋದರೆ ಫ್ರಿಜ್ಜೂ ಬಿಸಿ. ಇನ್ಸುಲಿನ್ ಒಂದು ಪ್ರೋಟೀನು. ಕಾಯಿಸಿದರೂ ಕೆಡುತ್ತದೆ, ಹೆಪ್ಪುಗಟ್ಟಿಸಿದರೂ ಕೆಡುತ್ತದೆ. ಇದಕ್ಕೆ ಆಯಿಯ ಬಳಿ ಹಳೆಯ ಉಪಾಯವಿತ್ತು. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ, ನಡುವೆ ಮರಳು, ಮರಳಿಗೆ ದಿನವೂ ನೀರು. ಔಷಧವನ್ನು ಬಿಗಿಯಾದ ಡಬ್ಬಿಯಲ್ಲಿಟ್ಟು ಒಳಗಿನ ಗಡಿಗೆಗೆ ಇಳಿಸಿ ಮೇಲೆ ಒದ್ದೆ ಬಟ್ಟೆ ಮುಚ್ಚುವುದು. ನೀರು ಆವಿಯಾಗುವಾಗ ಗಡಿಗೆಯ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಹವೆಯಲ್ಲಿ ತೇವ ಕಡಿಮೆಯಿದ್ದಷ್ಟೂ ಈ ತಂಪು ಹೆಚ್ಚು. ಮಂಗಳೂರಿನ ಬೆವರು ಸೆಕೆಗಿಂತ ಬಾಗಲಕೋಟೆಯ ಒಣ ಬಿಸಿಲಿನಲ್ಲಿ ಗಡಿಗೆ ಚೆನ್ನಾಗಿ ಕೆಲಸ ಮಾಡುವುದು ಇದರಿಂದಲೇ.

ತಟ್ಟೆಯ ಪ್ರಶ್ನೆ

ಎಲ್ಲಕ್ಕಿಂತ ದೊಡ್ಡ ತೊಡಕು ಊಟದ್ದು. ವೈದ್ಯರು ಸ್ಪಷ್ಟವಾಗಿ ಹೇಳಿದ್ದರು: ಬೆಕ್ಕು ಮಾಂಸಾಹಾರಿ; ಅದರ ದೇಹ ರೊಟ್ಟಿ ಅನ್ನಗಳ ಪಿಷ್ಟವನ್ನು ನಿಭಾಯಿಸಲು ಹುಟ್ಟಿದ್ದಲ್ಲ. ಪ್ರೋಟೀನು ಹೆಚ್ಚು, ಪಿಷ್ಟ ಕಡಿಮೆ ಇರುವ ಆಹಾರ ಕೊಟ್ಟರೆ ಸಕ್ಕರೆ ಹತೋಟಿಗೆ ಬರುವುದು ಸುಲಭ. ಆದರೆ ಅದು ಮೊಟ್ಟೆಯ ಸಿಪ್ಪೆಯನ್ನೂ ಕಾಣದ ಅಡುಗೆಮನೆ. ಆಯಿ ಸೂಚಿಸಿದ್ದು ಲಂಘನ. "ಲಂಘನಂ ಪರಮೌಷಧಂ ಅಂತಾರ, ಎರಡ ದಿನ ಉಪಾಸ ಹಾಕ್ರಿ" ಎಂದಳು. ವೈದ್ಯರು ಬೆಚ್ಚಿಬಿದ್ದರು. ದಪ್ಪ ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಪ್ರಾಣಾಪಾಯವಾಗುತ್ತದೆ. ಉಪವಾಸ ಬೆಕ್ಕಿಗೆ ಔಷಧವಲ್ಲ, ವಿಷ.

ಈ ಚರ್ಚೆಯ ನಡುವೆ ಹುಡುಗಿ ತಾನು ಓದಿದ ಇನ್ಸುಲಿನ್ನಿನ ಕಥೆಯನ್ನು ಮನೆಯವರಿಗೆ ಹೇಳಿದಳು. 1889ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವೈದ್ಯರು ಒಂದು ನಾಯಿಯ ಮೇದೋಜೀರಕವನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ರೋಗದ ಬೇರು ಎಲ್ಲಿದೆ ಎಂದು ಗೊತ್ತಾದದ್ದು ಹಾಗೆ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಆ ಗ್ರಂಥಿಯ ಸಾರವನ್ನು ಪಡೆದರು. 1922ರ ಜನವರಿಯಲ್ಲಿ ಲೆನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಮೊದಲ ಸಲ ಫಲ ಅಷ್ಟಾಗಿ ಸಿಗಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಶುದ್ಧಗೊಳಿಸಿದ ಸಾರವನ್ನು ಅದೇ ತಿಂಗಳು ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಆ ಮೇಲೆ ಅರವತ್ತು ವರ್ಷಗಳ ಕಾಲ, ಅಂದರೆ 1982ರಲ್ಲಿ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬರುವವರೆಗೆ, ಜಗತ್ತಿನ ಮಧುಮೇಹಿಗಳು ಬದುಕಿದ್ದು ದನ ಮತ್ತು ಹಂದಿಗಳ ಗ್ರಂಥಿಯಿಂದ ತೆಗೆದ ಇನ್ಸುಲಿನ್ನಿನಿಂದ. ಈಗ ಅದನ್ನು ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಮಾನವ ಇನ್ಸುಲಿನ್ನನ್ನೂ 2009ರಲ್ಲಿ ಗ್ಲಾರ್ಜಿನ್ನನ್ನೂ ಮಾರುಕಟ್ಟೆಗೆ ತಂದಿತು. 51 ಅಮೈನೋ ಆಮ್ಲಗಳ ಈ ಸರಪಳಿಯಲ್ಲಿ ಆಕಳಿಗೂ ಬೆಕ್ಕಿಗೂ ಇರುವ ಭೇದ ಒಂದೇ ಒಂದು ಕೊಂಡಿಯದು. ಬೆಕ್ಕಿಗೂ ಮನುಷ್ಯರಿಗೂ ನಾಲ್ಕರದು. ಅದಕ್ಕೇ ಮನುಷ್ಯರಿಗೆಂದು ಮಾಡಿದ ಮದ್ದು ಕೆಂಚನಿಗೂ ಹಿಡಿಸುತ್ತದೆ.

ಆಯಿ ಬಹಳ ಹೊತ್ತು ಸುಮ್ಮನಿದ್ದು, "ಅಂದ್ರ ಮೂಕಪ್ರಾಣಿಗೋಳ ಸಾಲ ನಮ್ಮ ಮ್ಯಾಲ ಐತಿ ಅನ್ನು" ಎಂದಳು. ಮರುದಿನ ಪಕ್ಕದ ಮನೆಯ ಚಾಚಿಯ ಬಳಿ ಅವಳೇ ಮಾತಾಡಿದಳು. ಚಾಚಿ ಉಪ್ಪು, ಖಾರ, ಉಳ್ಳಾಗಡ್ಡಿ ಹಾಕದೆ ಕೋಳಿ ಬೇಯಿಸಿ ಡಬ್ಬಿಯಲ್ಲಿ ಕೊಡುವುದು, ಹಿತ್ತಲ ಕಟ್ಟೆಯ ಮೇಲೆ ಕೆಂಚನ ಊಟ – ಹೀಗೆ ಒಪ್ಪಂದವಾಯಿತು. ಬೆಂದ ಮಾಂಸ ಒಂದೇ ಆದರೆ ಪೋಷಣೆ ಪೂರ್ಣವಾಗದು. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಅವಶ್ಯವಾದ ಟಾರಿನ್ ಎಂಬ ವಸ್ತು ಬೇಯಿಸಿದ ನೀರಿಗೆ ಇಳಿದುಬಿಡುತ್ತದೆ. ಸುಣ್ಣದ ಅಂಶವೂ ಸಾಲದು. ಆ ನೀರನ್ನು ಚೆಲ್ಲದೆ ಕೊಡಬೇಕು, ಬೆಕ್ಕಿಗೆಂದೇ ತಯಾರಾದ ತೇವಾಂಶವುಳ್ಳ ಆಹಾರವನ್ನೂ ಸೇರಿಸಬೇಕು ಎಂದು ವೈದ್ಯರು ಹೇಳಿದರು. ಅದನ್ನು ಬಾಗಲಕೋಟೆಯಿಂದ ತರಿಸಿದರು.

ಆದರೆ ಊಟ ಬದಲಾಗುವ ದಿನವನ್ನು ವೈದ್ಯರಿಗೆ ತಿಳಿಸುವುದನ್ನು ಮನೆಯವರು ಮರೆತರು. ರೊಟ್ಟಿ ಹಾಲು ಒಮ್ಮೆಗೇ ನಿಂತಿತು. ಇನ್ಸುಲಿನ್ ಮಾತ್ರ ಎರಡು ಯೂನಿಟ್ಟೇ ಉಳಿಯಿತು. ಮೂರನೆಯ ರಾತ್ರಿ ಹತ್ತರ ಹೊತ್ತಿಗೆ ಕೆಂಚ ಕುಡಿದವನಂತೆ ತೂರಾಡಿದ. ಗೋಡೆಗೆ ತಲೆಯೂರಿ ನಿಂತ. ಕಣ್ಣು ಎಲ್ಲೋ ನೆಟ್ಟಿತ್ತು. ಮೀಟರು 42 ತೋರಿಸಿತು.

ಸಕ್ಕರೆ ಹೆಚ್ಚಿದ್ದರೆ ಕೆಲವು ದಿನ ತಡೆಯಬಹುದು. ಹೀಗೆ ಇಳಿದರೆ ನಿಮಿಷಗಳ ಲೆಕ್ಕ. ಆಯಿಗೆಂದು ಇಟ್ಟಿದ್ದ ಗ್ಲೂಕೋಸ್ ಪುಡಿಯನ್ನು ಹುಡುಗಿ ನಾಲ್ಕು ಹನಿ ನೀರಿನಲ್ಲಿ ಕಲಸಿ ಬೆರಳಿನಿಂದ ಕೆಂಚನ ವಸಡಿಗೆ ತಿಕ್ಕಿದಳು. ಬಾಯಿಗೆ ಸುರಿಯಲಿಲ್ಲ, ಎಚ್ಚರ ತಪ್ಪುತ್ತಿರುವ ಪ್ರಾಣಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅಪ್ಪ ವೈದ್ಯರಿಗೆ ಫೋನು ಹಚ್ಚಿದ. ಹತ್ತು ನಿಮಿಷಕ್ಕೆ ಕೆಂಚ ತಲೆ ಎತ್ತಿದ, ಇನ್ನು ಸ್ವಲ್ಪ ಹೊತ್ತಿಗೆ ತಟ್ಟೆ ನೆಕ್ಕಿದ. ಬೆಳಗಿನವರೆಗೆ ಅರ್ಧ ತಾಸಿಗೊಮ್ಮೆ ಕಿವಿ ಚುಚ್ಚಿ ನೋಡುತ್ತ ಕೂತವನು ಅಪ್ಪ – ಬಿಟ್ಟು ಬರೋಣವೆಂದಿದ್ದ ಅದೇ ಅಪ್ಪ. ವೈದ್ಯರು ಮರುದಿನದ ಸೂಜಿ ನಿಲ್ಲಿಸಿ, ಆಮೇಲೆ ಪ್ರಮಾಣವನ್ನು ಒಂದು ಯೂನಿಟ್ಟಿಗೆ ಇಳಿಸಿದರು. ಊಟ, ಔಷಧ ಎರಡೂ ಒಂದೇ ತಕ್ಕಡಿಯ ಎರಡು ಪರಡಿಗಳು. ಒಂದನ್ನು ಮುಟ್ಟಿದರೆ ಇನ್ನೊಂದನ್ನೂ ನೋಡಬೇಕು.

ನೋಟುಬುಕ್ಕಿನ ಎರಡನೆಯ ಹೆಸರು

ಆ ರಾತ್ರಿಯ ನಂತರ ಹುಡುಗಿ ಒಂದು ನೂರು ಪುಟದ ನೋಟುಬುಕ್ಕು ಇಟ್ಟಳು. ತಾರೀಖು, ಹೊತ್ತು, ತಿಂದದ್ದು ಎಷ್ಟು, ಕುಡಿದ ನೀರು ಎಷ್ಟು, ರಕ್ತದ ಸಕ್ಕರೆ, ಕೊಟ್ಟ ಯೂನಿಟ್, ಕೊಟ್ಟವರ ಸಹಿ. ವಾರಕ್ಕೊಮ್ಮೆ ಅಡತಿಯ ಅಂಗಡಿಯ ತಕ್ಕಡಿಯಲ್ಲಿ ತೂಕ. ಒಬ್ಬರು ಕೊಟ್ಟ ಮೇಲೆ ಇನ್ನೊಬ್ಬರು ತಿಳಿಯದೆ ಮತ್ತೆ ಕೊಡುವ ಪ್ರಮಾದ ಸಹಿಯ ಪದ್ಧತಿಯಿಂದ ತಪ್ಪಿತು.

ಒಂದು ದಿನ ಆಯಿ ಆ ಪುಸ್ತಕವನ್ನು ತಿರುವಿಹಾಕಿಸಿ ಕೇಳಿಸಿಕೊಂಡು ಹೇಳಿದಳು: "ಬೆಕ್ಕಿಂದು ಇಷ್ಟು ಲೆಕ್ಕ ಐತಿ. ನಂದ ಯಾರು ಬರದೀರಿ?"

ಯಾರ ಬಳಿಯೂ ಉತ್ತರವಿರಲಿಲ್ಲ. ಆಯಿಯ ಸೂಜಿಗೆ ಹೊತ್ತೆಂಬುದಿರಲಿಲ್ಲ; ಮಗ್ಗ ಬಿಟ್ಟು ಎದ್ದಾಗ ಒಂದು ದಿನ ಏಳಕ್ಕೆ, ಒಂದು ದಿನ ಒಂಬತ್ತಕ್ಕೆ. ಸೋಮವಾರದ ಒಪ್ಪತ್ತಿನ ದಿನ ಊಟ ಬಿಟ್ಟರೂ ಸೂಜಿ ಬಿಡುತ್ತಿರಲಿಲ್ಲ. ಆಗಾಗ ಬೆಳಗಿನ ಜಾವ ಅವಳಿಗೆ ಮೈ ಬೆವತು ಕೈ ನಡುಗುತ್ತಿದ್ದುದನ್ನು ವಯಸ್ಸಿನ ಖಾತೆಗೆ ಹಾಕಲಾಗಿತ್ತು – ಥೇಟು ಕೆಂಚನ ಹಿಂಗಾಲಿನ ಹಾಗೆ. ಅದೂ ಸಕ್ಕರೆ ಇಳಿಯುವ ಸೂಚನೆ ಇದ್ದೀತೆಂದು ಹುಡುಗಿಗೆ ಹೊಳೆದದ್ದು ಕೆಂಚನ ರಾತ್ರಿಯನ್ನು ಕಂಡ ಮೇಲೆ. ಆಯಿಯನ್ನು ಬಾಗಲಕೋಟೆಯ ವೈದ್ಯರಿಗೆ ತೋರಿಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ, ಪಾದದ ಪರೀಕ್ಷೆ, ಕಣ್ಣಿನ ಪರೀಕ್ಷೆ – ಎಲ್ಲ ಒಟ್ಟಿಗೆ ಆದದ್ದು ಅದೇ ಮೊದಲು. ಅವಳ ಇನ್ಸುಲಿನ್ನಿನ ಪ್ರಮಾಣವೂ ಬದಲಾಯಿತು. ನೋಟುಬುಕ್ಕಿನ ಎಡಪುಟ ಕೆಂಚನಿಗೆ, ಬಲಪುಟ ಆಯಿಗೆ.

2025ರ ಜನವರಿಯಲ್ಲಿ ಬನದ ಹುಣ್ಣಿಮೆ ಬಂತು. ಬಾದಾಮಿಯ ಬಳಿಯ ಬನಶಂಕರಿ ಅನೇಕ ನೇಕಾರರ ಮನೆದೇವತೆ. ಜಾತ್ರೆಗೆ ಎಲ್ಲರೂ ಕೂಡಿ ಹೋಗಿ ತೇರು ನೋಡಿ, ರಾತ್ರಿ ನಾಟಕ ನೋಡಿ ಬರುವುದು ಈ ಮನೆಯ ವಾಡಿಕೆ. ಈ ಸಲ ಆರು ಗಂಟೆ ಅಡ್ಡ ನಿಂತಿತು. ಪ್ರಾಣಿ ಸಾಕುವವರು ಯೋಚಿಸದೆ ಬಿಡುವ ಸಂಗತಿ ಇದು. ರೋಗಿ ಬೆಕ್ಕಿರುವ ಮನೆಗೆ ಬೀಗ ಹಾಕಲಾಗದು. ಕೊನೆಗೆ ಕಾಕಾ ಮತ್ತು ಅವ್ವ ಒಂದು ದಿನ, ಅಪ್ಪ ಮತ್ತು ಆಯಿ ಇನ್ನೊಂದು ದಿನ ಎಂದು ಹಂಚಿಕೊಂಡರು. ಪರೀಕ್ಷೆಯ ಓದು ಇದ್ದ ಹುಡುಗಿ ಎರಡೂ ದಿನ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಆರಕ್ಕೆ ತಪ್ಪದೆ ಏಳುವ ರೂಢಿಯಿಂದ ಓದಿಗೆ ಒಂದು ತಾಸು ಹೆಚ್ಚೇ ಸಿಕ್ಕಿತೆಂದು ಅವ್ವ ಈಗ ಹೇಳುತ್ತಾಳೆ. ಹುಡುಗಿ 2025ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ವಿಜ್ಞಾನ ಆರಿಸಿಕೊಂಡಳು.

ಕೆಂಚ ಪೂರ್ತಿ ಗುಣವಾಗಿಲ್ಲ. ರೋಗ ಬಂದ ಹೊಸತರಲ್ಲೇ ಸರಿಯಾದ ಊಟ ಮತ್ತು ಇನ್ಸುಲಿನ್ ಸಿಕ್ಕ ಬೆಕ್ಕುಗಳಲ್ಲಿ ಕೆಲವಕ್ಕೆ ಕೆಲವು ತಿಂಗಳಲ್ಲಿ ಸೂಜಿಯೇ ಬೇಡವಾಗುವುದುಂಟು. ಕೆಂಚನ ಪಾಲಿಗೆ ಆ ಭಾಗ್ಯ ಬರಲಿಲ್ಲ. ಅಮೆರಿಕದಲ್ಲಿ 2022ರ ಕೊನೆಗೆ ಬೆಕ್ಕಿನ ಮಧುಮೇಹಕ್ಕೆ ಬಾಯಿಂದ ಕೊಡುವ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಅದು ಈಗಾಗಲೇ ಇನ್ಸುಲಿನ್ ಪಡೆಯುತ್ತಿರುವ ಬೆಕ್ಕುಗಳಿಗೆ ಅಲ್ಲ. ಹೀಗಾಗಿ ಹೊತ್ತಿಗೊಂದು ಯೂನಿಟ್ ನಡೆದೇ ಇದೆ. ನೀರಡಿಕೆ ಇಳಿದಿದೆ, ತೂಕ ಐದು ಕಿಲೋಗೆ ನಿಂತಿದೆ, ಹಿಂಗಾಲು ಮತ್ತೆ ಬೆರಳ ಮೇಲೆ ನಿಲ್ಲುತ್ತವೆ. ಅಟ್ಟ ಮಾತ್ರ ಇನ್ನೂ ಎಟುಕಿಲ್ಲ.

ಮನೆಯಲ್ಲಿ ಬೆಕ್ಕು ನಾಯಿ ಸಾಕಿರುವ ಮಕ್ಕಳು ಒಂದಷ್ಟು ಗಮನವಿಟ್ಟರೆ ಸಾಕು. ಕುಡಿಯುವ ನೀರು ಹೆಚ್ಚಿತೇ, ತಿಂದರೂ ಸೊರಗುತ್ತಿದೆಯೇ, ನಡಿಗೆ ಬದಲಾಯಿತೇ ಎಂದು ನೋಡಬೇಕು. ಕಂಡರೆ ಪಶುವೈದ್ಯರಿಗೆ ತೋರಿಸಬೇಕು. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಕೊಡಬಾರದು. ತಂದೆ ತಾಯಿಗಳು ಇದನ್ನು ಓದಿನ ನಡುವಿನ ಕಾಟವೆಂದು ತಳ್ಳಿಹಾಕಬೇಕಾಗಿಲ್ಲ. ಅಳತೆ, ಹೊತ್ತು, ದಾಖಲೆ – ವಿಜ್ಞಾನವೆಂದರೆ ಬಹುಮಟ್ಟಿಗೆ ಈ ಮೂರೇ. ಇವನ್ನು ಒಂದು ಜೀವದ ಸಲುವಾಗಿ ಕಲಿತ ಹುಡುಗಿ ಪರೀಕ್ಷೆಯ ಸಲುವಾಗಿ ಕಲಿತದ್ದಕ್ಕಿಂತ ಗಟ್ಟಿಯಾಗಿ ಕಲಿತಿದ್ದಾಳೆ. ನೋಟುಬುಕ್ಕು ಈಗ ನಾಲ್ಕನೆಯದು. ಅದರ ಬಲಪುಟದಲ್ಲಿ ಆಯಿ ತನ್ನ ಸಹಿಯನ್ನು ತಾನೇ ಹಾಕುತ್ತಾಳೆ.